ಶೇಷ ಸೊನ್ನೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗಾಗಿ ನನ್ನ ವೃತ್ತಿಯ ಕುರಿತು ನಾಲ್ಕು ಮಾತು ಬರೆಯಬೇಕೆಂದು ಸಂಪಾದಕ ಮಂಡಳಿಯವರು ಅಪೇಕ್ಷಿಸಿದ್ದಾರೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕಂಪ್ಯೂಟರಿನ ಒಳಗುಟ್ಟು ನಿಲುಕದೆಂಬ ಅಂಜಿಕೆ ಕಾಸರಗೋಡಿನ ನಮ್ಮ ಮನೆಗಳಲ್ಲಿ ಇನ್ನೂ ಉಳಿದಿದೆ. ಆದುದರಿಂದ ನಾನು ನಿತ್ಯ ಮಾಡುವ ಒಂದೇ ಒಂದು ಕೆಲಸವನ್ನು ಇಲ್ಲಿ ವಿವರಿಸಬಯಸುತ್ತೇನೆ.

ಲಿನಕ್ಸ್ ಎಂಬುದು 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಕಾರ್ಯಾಚರಣ ವ್ಯವಸ್ಥೆ. ಅದರ ತಿರುಳಿಗೆ ಕರ್ನೆಲ್ ಎಂದು ಹೆಸರು. ಕಂಪ್ಯೂಟರಿನ ಸ್ಮೃತಿಯಲ್ಲಿ ಕರ್ನೆಲಿನ ಪಾಲು ಬೇರೆ, ನಾವು ನಡೆಸುವ ಪ್ರೋಗ್ರಾಮುಗಳ ಪಾಲು ಬೇರೆ. ಪ್ರೋಗ್ರಾಮು ಕರ್ನೆಲಿನ ಪಾಲನ್ನು ಮುಟ್ಟುವಂತಿಲ್ಲ. ಡಿಸ್ಕಿನಲ್ಲಿರುವ ಮಾಹಿತಿ ಬೇಕಾದರೆ ‘ಇಂಥ ವಿಳಾಸದಲ್ಲಿ ಬರೆದಿಡು’ ಎಂದು ಕರ್ನೆಲನ್ನು ಕೇಳಬೇಕು. ಕೊಟ್ಟ ವಿಳಾಸ ಕರ್ನೆಲಿನ ಒಳಮನೆಯದೇ ಆಗಿದ್ದರೆ? ಎಲ್ಲಿ ಬೇಕಾದರೂ ಬರೆಯುವ ಅಧಿಕಾರವುಳ್ಳ ಕರ್ನೆಲ್ ವಿಚಾರಿಸದೆ ಬರೆದರೆ ತನ್ನ ಮನೆಯನ್ನು ತಾನೇ ಕೆಡವಿಕೊಂಡಂತೆ.

ಇದನ್ನು ತಡೆಯಲು ‘ಕಾಪಿ ಟು ಯೂಸರ್’ ಎಂಬ ವಿಧಾನವಿದೆ. ಎಲ್ಲಿಗೆ, ಎಲ್ಲಿಂದ, ಎಷ್ಟು ಬೈಟು ಎಂಬ ಮೂರನ್ನು ಅದಕ್ಕೆ ತಿಳಿಸಬೇಕು. ವಿಳಾಸವು ಬಳಕೆದಾರನ ಎಲ್ಲೆಯೊಳಗಿದೆಯೇ ಎಂದು ಅದು ಮೊದಲು ನೋಡುತ್ತದೆ. ಅಲ್ಲಿ ನಿಜವಾಗಿ ಜಾಗವಿದೆಯೇ ಎಂಬುದು ಬರೆಯಹೊರಟಾಗಲೇ ತಿಳಿಯುವುದು. ಜಾಗವಿಲ್ಲದಿದ್ದರೆ ಯಂತ್ರ ಕುಸಿಯದು. ನಕಲು ಅಲ್ಲಿಗೇ ನಿಂತು, ಬರೆಯದೆ ಉಳಿದ ಬೈಟುಗಳ ಸಂಖ್ಯೆ ಉತ್ತರವಾಗಿ ಬರುತ್ತದೆ. ಉತ್ತರ ಸೊನ್ನೆಯಾದರೆ ಕೆಲಸ ಪೂರ್ಣವಾಯಿತೆಂದು ಅರ್ಥ. ಎಷ್ಟು ಬರೆದೆನೆಂದು ಹೇಳದೆ ಎಷ್ಟು ಉಳಿಯಿತೆಂದು ಹೇಳುವ ಈ ಕ್ರಮ ಹೊಸಬರನ್ನು ತಬ್ಬಿಬ್ಬುಗೊಳಿಸುತ್ತದೆ. ಭಾಗಾಕಾರದ ಕೊನೆಗೆ ‘ಶೇಷವೆಷ್ಟು?’ ಎಂದು ಕೇಳದೆ ಬಿಡದ ನಮ್ಮ ಗಣಿತದ ಮಾಸ್ತರರಿಂದ ಕಲಿತ ನನಗೆ ಅದು ವಿಚಿತ್ರವೆನಿಸಲಿಲ್ಲ.

ಈ ವಿಚಾರಣೆ ಒಂದೆಡೆ ತಪ್ಪಿದರೂ ಅನರ್ಥವೇ. 2017ರಲ್ಲಿ ಹೊರಬಂದ ಲಿನಕ್ಸಿನ 4.13ನೆಯ ಆವೃತ್ತಿಯಲ್ಲಿ ‘ವೇಟ್‌ಐಡಿ’ ಎಂಬ ಸೇವೆಯಲ್ಲಿ ವಿಳಾಸದ ತಪಾಸಣೆ ಬಿಟ್ಟುಹೋಗಿತ್ತು. ಸಾಮಾನ್ಯ ಬಳಕೆದಾರನು ಕರ್ನೆಲಿನ ಕೈಯಿಂದಲೇ ಕರ್ನೆಲಿನ ಸ್ಮೃತಿಯಲ್ಲಿ ಬರೆಸಿ, ಇಡೀ ಯಂತ್ರಕ್ಕೆ ಒಡೆಯನಾಗುವ ದಾರಿ ಅದರಿಂದ ತೆರೆಯಿತು. ಅದೇ ವರ್ಷ ಅದನ್ನು ಮುಚ್ಚಲಾಯಿತು. ಇನ್ನೊಂದು ಅಪಾಯವೂ ಉಂಟು. ಬಳಕೆದಾರನಿಗೆ ಕೊಡುವ ಮಾಹಿತಿಯ ನಡುವೆ ತುಂಬದ ಬೈಟುಗಳಿದ್ದರೆ ಅವುಗಳಲ್ಲಿ ಕರ್ನೆಲಿನ ಹಳೆಯ ಗುಟ್ಟುಗಳು ಸಾಗಿಹೋಗಬಹುದು. ಸ್ಲೇಟನ್ನು ಒರೆಸದೆ ಪರರ ಕೈಗಿತ್ತಂತೆ.

ಕಿರಿಯ ಸಹೋದ್ಯೋಗಿಯೊಬ್ಬರು ತಿದ್ದಲು ತಂದ ಹಳೆಯ ಡ್ರೈವರೊಂದು ಈ ವಿಧಾನವನ್ನು ಬಿಟ್ಟು ನೇರವಾಗಿ ಬಳಕೆದಾರನ ಸ್ಮೃತಿಗೆ ಬರೆಯುತ್ತಿತ್ತು. ಹಳೆಯ ಯಂತ್ರಗಳಲ್ಲಿ ಅದು ಸುಸೂತ್ರವಾಗಿ ನಡೆದಿತ್ತು. ಹೊಸ ಯಂತ್ರದಲ್ಲಿ ಮೊದಲ ದಿನವೇ ನಿಂತಿತು. ಅಪ್ಪಣೆಯಿಲ್ಲದೆ ಕರ್ನೆಲ್ ಬಳಕೆದಾರನ ಪಾಲನ್ನು ಮುಟ್ಟಿದರೆ ತಡೆಯುವ ಏರ್ಪಾಡು 2014ರಿಂದೀಚಿನ ಇಂಟೆಲ್ ಪ್ರೊಸೆಸರುಗಳಲ್ಲಿದೆ. “ಇಷ್ಟು ದಿನ ನಡೆಯುತ್ತಿತ್ತಲ್ಲ, ಸಾರ್?” ಎಂದು ಅವರು ಕೇಳಿದರು. “ಇಷ್ಟು ದಿನ ಕೇಳುವವರಿರಲಿಲ್ಲ, ಅಷ್ಟೆ” ಎಂದೆ.

ಎಲ್ಲೆ, ವಿಳಾಸ, ಶೇಷ, ಸೊನ್ನೆ: ಈ ವಿದ್ಯೆಗೆ ಬೇಕಾದ ಮೂಲ ಪದಗಳೆಲ್ಲ ನಮಗೆ ಈ ಶಾಲೆಯಲ್ಲಿ ಕನ್ನಡದಲ್ಲೇ ದೊರೆತಿವೆ. ಇಂಗ್ಲಿಷನ್ನು ಮುಂದೆ ಕಲಿಯಬಹುದು, ನಾವೂ ಕಲಿತೆವು. ಹೆತ್ತವರು ಅಂಜದೆ ಮಕ್ಕಳನ್ನು ಇಲ್ಲಿಗೆ ಕಳುಹಲಿ; ನಮ್ಮ ಶಾಲೆ ಶತಮಾನೋತ್ಸವವನ್ನೂ ಕಾಣಲಿ ಎಂದು ಹಾರೈಸುತ್ತೇನೆ.