ನಂಜಿಕೊಳ್ಳಲು ಏನು?

ಕೂಡ್ಲಿಗಿ ಕಡೆ ಎಪ್ಪತ್ತು ದಾಟಿದ ಗಂಡಸರನ್ನು ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಡಿಸಿದರೆ ಚಿಗರಿ ಖಂಡದ ಕಥೆಯೊಂದು ಹೊರಬರದೆ ಇರುವುದಿಲ್ಲ. ತಿಂದವನು ತಾನೇ ಆಗಿರಬೇಕೆಂದೇನಿಲ್ಲ. ಅಪ್ಪ, ಇಲ್ಲವೇ ಅಪ್ಪನ ಸೋದರಮಾವ, ಅದೂ ಇಲ್ಲದಿದ್ದರೆ ಊರ ಗೌಡರ ಮನೆಯ ಜೀತದಾಳು. ಪ್ರತಿ ಸಲ ಹೇಳುವಾಗಲೂ ಆ ಚಿಗರಿಯ ಕೊಂಬು ಒಂದು ಗೇಣು ಬೆಳೆದಿರುತ್ತದೆ. ಕೋವಿ ಯಾರದು, ಎಷ್ಟು ಹರದಾರಿ ಅಟ್ಟಿದರು, ಯಾವ ಹಳ್ಳದ ದಂಡೆಯಲ್ಲಿ ಬಿತ್ತು, ಎಲ್ಲವೂ ಬಾಯಿಪಾಠ. ಆದರೆ ನನ್ನ ಕುತೂಹಲ ಇರುವುದು ಅದರ ಮುಂದಿನ ಭಾಗದಲ್ಲಿ. ಸುಟ್ಟರೋ ಬೇಯಿಸಿದರೋ? ನಂಜಿಕೊಳ್ಳಲು ಏನಿತ್ತು? ಇಷ್ಟು ಕೇಳಿದರೆ ಮಹಾ ಬೇಟೆಗಾರರೂ ತಬ್ಬಿಬ್ಬಾಗುತ್ತಾರೆ. ಚಟ್ನಿ ಅರೆದವರು ಕಟ್ಟೆಗೆ ಬಂದು ಕೂರುವ ಪೈಕಿಯಲ್ಲವಲ್ಲ.

ಈಗಿನವರು ಈ ಕಥೆಗೆ ಹೊಸ ಅಧ್ಯಾಯ ಸೇರಿಸುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲೇ ಚಿಗರಿ, ಅಂದರೆ ಕೃಷ್ಣಮೃಗವಿದೆ. ಕೊಂದರಷ್ಟೇ ಅಲ್ಲ, ಖಂಡ ಮನೆಯಲ್ಲಿಟ್ಟುಕೊಂಡರೂ ಅಪರಾಧ. ಸಲ್ಮಾನ್ ಖಾನ್ ಕೇಸಿನಿಂದಾಗಿ ಈ ಕಾನೂನು ನಮ್ಮೂರ ಚಹಾದಂಗಡಿಗಳಿಗೂ ಚೆನ್ನಾಗಿ ತಿಳಿದಿದೆ. ಹೊಳೆಯಾಚೆ ರಾಣೆಬೆನ್ನೂರಿನಲ್ಲಿ 1974ರಲ್ಲೇ ಕೃಷ್ಣಮೃಗಗಳಿಗೆ ಅಭಯಾರಣ್ಯವಾಯಿತು. ಈಚೆ ಹಡಗಲಿಯ ಎರೆಹೊಲಗಳಲ್ಲಿ ಹಿಂಡು ಕಂಡರೆ ರೈತ ಬೈಯುತ್ತಾನೆ, ಕಲ್ಲು ಬೀಸಿ ಓಡಿಸುತ್ತಾನೆ, ಅಷ್ಟೇ. ಗುಡೇಕೋಟೆಯ ಗುಡ್ಡ ಕರಡಿಗಳಿಗೆ ಮೀಸಲಾಗಿದೆ. ಹಗರಿಬೊಮ್ಮನಹಳ್ಳಿ ಬಳಿಯ ಅಂಕಸಮುದ್ರದ ಕೆರೆಗೆ 2024ರಲ್ಲಿ ರಾಮ್ಸಾರ್ ಮನ್ನಣೆ ಸಿಕ್ಕ ಮೇಲಂತೂ ಕೊಕ್ಕರೆಗೆ ಗುರಿಯಿಡುವವರೆಲ್ಲ ಕ್ಯಾಮೆರಾದವರೇ. ಹುಬ್ಬಳ್ಳಿ–ಧಾರವಾಡಕ್ಕೆ ಹೋದರೆ ಚಿಗರಿ ಎಂಬುದೊಂದು ಎ.ಸಿ. ಬಸ್ಸು. ಇದೆಲ್ಲ ಒಳ್ಳೆಯದೇ ಆಯಿತೆಂದು ನನ್ನ ಅಭಿಪ್ರಾಯ. ಆದರೂ ನಂಜಿಕೊಳ್ಳುವ ಪ್ರಶ್ನೆ ಹಾಗೇ ಉಳಿಯಿತು.

ಕಟ್ಟೆಯಲ್ಲಿ ಸಿಗದ ಉತ್ತರ ಅರಮನೆಯಲ್ಲಿ ಸಿಕ್ಕಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆದ. ಅವನೇನು ನಮಗೆ ದೂರದವನಲ್ಲ. ಅವನ ಅಜ್ಜ ಒಂದನೆಯ ಸೋಮೇಶ್ವರ 1068ರಲ್ಲಿ ತುಂಗಭದ್ರೆಗಿಳಿದು ಪ್ರಾಣ ಬಿಟ್ಟದ್ದು ಹಡಗಲಿ ತಾಲ್ಲೂಕಿನ ಕುರುವತ್ತಿಯಲ್ಲಿ. ಮೊಮ್ಮಗನ ಕಾಲಕ್ಕೆ ಸಾಮಂತರು ಒಬ್ಬೊಬ್ಬರೇ ಬಾಲ ಬಿಚ್ಚತೊಡಗಿದ್ದರು. ದಕ್ಷಿಣದಲ್ಲಿ ಹೊಯ್ಸಳ ವಿಷ್ಣುವರ್ಧನ ಕೈಗೆ ಸಿಗದಷ್ಟು ಬೆಳೆದಿದ್ದ. ದೊರೆ ಮಾತ್ರ ಆನೆ, ರತ್ನ, ಸಂಗೀತ, ಮಲ್ಲಯುದ್ಧದ ಜೊತೆಗೆ ಊಟವನ್ನೂ ಶಾಸ್ತ್ರೋಕ್ತವಾಗಿ ಬರೆಯುತ್ತ ಕೂತಿದ್ದ. ಇತಿಹಾಸಕಾರರು ಇದಕ್ಕಾಗಿ ಅವನನ್ನು ಸ್ವಲ್ಪ ಹಗುರವಾಗಿ ಕಾಣುತ್ತಾರೆ. ನಾನು ಕಾಣಲಾರೆ. ಗೆದ್ದ ಊರುಗಳ ಪಟ್ಟಿಯನ್ನು ಎಲ್ಲ ದೊರೆಗಳೂ ಬರೆಸಿದ್ದಾರೆ. ಖಂಡ ಸುಡುವ ಬಗೆಯನ್ನು ಕೂತು ಬರೆದವರು ಎಷ್ಟು ಮಂದಿ?

ಅವನ ಪುಸ್ತಕದಲ್ಲಿ ಜಿಂಕೆ ಬೇಟೆಗೆ ಒಂದು ಜಾಗ, ಅಡುಗೆಗೆ ಇನ್ನೊಂದು ಜಾಗ. ಖಂಡವನ್ನು ತುಂಡು ಮಾಡಿ, ಸಲಾಕೆಗೆ ಪೋಣಿಸಿ, ಕೆಂಡದ ಮೇಲೆ ಸುಡುವುದಕ್ಕೆ ಭಡಿತ್ರಕವೆಂದು ಹೆಸರು. ಇಂಗು, ಶುಂಠಿ, ಹುಳಿರಸದ ಸಂಸ್ಕಾರ ಆಗಲೂ ಇತ್ತು. ನನಗೆ ಬೇಕಾದ್ದು ಸಿಕ್ಕಿದ್ದು ಪಿತ್ತಜನಕಾಂಗದ, ಅಂದರೆ ನಮ್ಮ ಲಿವರಿನ ಅಡುಗೆಯಲ್ಲಿ. ಅದನ್ನು ಅಡಿಕೆಯ ಗಾತ್ರಕ್ಕೆ ಹೆಚ್ಚಿ, ಕೆಂಡದಲ್ಲಿ ಸುಟ್ಟು, ಮಸಾಲೆ ಹಾಕಿ ಎಣ್ಣೆಯಲ್ಲಿ ಹುರಿದು, ಆಮೇಲೆ ಹುಳಿಮೊಸರಿಗೋ ಸಾಸಿವೆಯ ರಸಕ್ಕೋ ಹಾಕಬೇಕು. ಮೊಸರು, ಸಾಸಿವೆ, ಹುಳಿ. ಸುಟ್ಟದ್ದನ್ನು ಒಣಗಲು ಬಿಡಕೂಡದು ಎಂಬುದು ದೊರೆಗೆ ಗೊತ್ತಿತ್ತು.

ಗಮನಿಸಿ, ಮೆಣಸಿನಕಾಯಿ ಇಲ್ಲ. ಅದು ಬಂದದ್ದು ಪೋರ್ಚುಗೀಸರ ಕಾಲದಲ್ಲಿ. ಶೇಂಗಾ ಕೂಡ ಸಮುದ್ರದಾಚೆಯದು. ಒಣಮೆಣಸಿನಕಾಯಿ, ಶೇಂಗಾ ಎರಡನ್ನೂ ತೆಗೆದರೆ ಇವತ್ತಿನ ಹರಪನಹಳ್ಳಿಯ ಊಟದ ತಟ್ಟೆಯ ಅಂಚಿನಲ್ಲಿ ಏನುಳಿಯುತ್ತದೆ ಎಂದು ಯೋಚಿಸಿದರೆ ಸಾಮ್ರಾಟನ ಮೇಲೇ ಕನಿಕರ ಹುಟ್ಟುತ್ತದೆ.

ವಿಜಯನಗರಕ್ಕೆ ಬಂದರೆ ಹದಿನಾರನೆಯ ಶತಮಾನದ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಸಿಗುತ್ತಾನೆ. ದೊರೆಗಳು ದನದ ಮಾಂಸವೊಂದನ್ನು ಬಿಟ್ಟು ಕುರಿ, ಹಂದಿ, ಜಿಂಕೆ, ಕೌಜುಗ, ಮೊಲ ಎಲ್ಲ ತಿನ್ನುತ್ತಾರೆ, ಪೇಟೆಯಲ್ಲಿ ಇವೆಲ್ಲ ಮಾರಾಟಕ್ಕಿವೆ ಎಂದು ಬರೆದವನು ತಟ್ಟೆಯಲ್ಲಿ ಪಕ್ಕಕ್ಕೆ ಏನಿತ್ತೆಂದು ಬರೆಯಲಿಲ್ಲ. ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನಲ್ಲೂ ಬೇಟೆಗಾರರಿದ್ದಾರೆ, ಜಿಂಕೆಗಳಿವೆ. ಅರೆಯುವ ಕಲ್ಲಿನ ಮುಂದೆ ಕೂತವಳನ್ನು ನಾನಂತೂ ಕಂಡಿಲ್ಲ. ಕನ್ನಡದಲ್ಲೇ ಬಂದ ಮಂಗರಸನ ‘ಸೂಪಶಾಸ್ತ್ರ’ವನ್ನು ಕೇಳೋಣವೆಂದರೆ ಅವನು ಜೈನ, ಖಂಡದ ಸುದ್ದಿಯೇ ಇಲ್ಲ. ನನ್ನ ಕೊಟ್ಟೂರಿನ ಗೆಳೆಯನಿಗೆ ಮಂಗರಸನೇ ಸರಿ. ‘ಗುರೆಳ್ಳು ಚಟ್ನಿ ಇದ್ದ ಮೇಲೆ ಅದಕ್ಕೆ ರೊಟ್ಟಿ ಸಾಕಪ್ಪ, ಚಿಗರಿ ಯಾಕೆ?’ ಎನ್ನುತ್ತಾನೆ. ಅವನ ಮನೆಯ ಗುರೆಳ್ಳು ಚಟ್ನಿ ತಿಂದವರು ವಾದ ಮಾಡಲಾರರು.

ಪ್ರಶ್ನೆಗೆ ಮತ್ತೆ ಜೀವ ಬಂದದ್ದು ನ್ಯೂಜಿಲೆಂಡಿನಿಂದ. ಅಕ್ಕನ ಮಗ ಅಲ್ಲಿದ್ದಾನೆ. ಆ ದೇಶಕ್ಕೆ ಜಿಂಕೆ ಮೂಲದ ಪ್ರಾಣಿಯಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ಬೇಟೆಯ ಶೋಕಿಗೆ ತಂದು ಬಿಟ್ಟವು ಕಾಡು ತಿಂದು ಹಾಕುವಷ್ಟು ಹೆಚ್ಚಿದವು. ಮುಂದೆ ಸರ್ಕಾರವೇ ಸಂಬಳ ಕೊಟ್ಟು ಕೊಲ್ಲಿಸಬೇಕಾಯಿತು. 1970ರ ಹೊತ್ತಿಗೆ ಬೇಲಿ ಕಟ್ಟಿ ಸಾಕತೊಡಗಿದರು. ಇಲ್ಲಿ ಜೈಲಿಗೆ ದಾರಿಯಾದದ್ದು ಅಲ್ಲಿ ಅಂಗಡಿಯ ಫ್ರಿಜ್ಜಿನಲ್ಲಿ ಬೆಲೆ ಚೀಟಿ ಅಂಟಿಸಿಕೊಂಡು ಕೂತಿರುತ್ತದೆ.

‘ಅವ್ವಾ, ಜಿಂಕಿ ತೊಡಿ ತಂದೀನಿ, ಓವನ್ನಾಗ ಇಡಾಕತ್ತೀನಿ. ಇಲ್ಲಿಯವ್ರು ಹುಳಿಹಣ್ಣಿನ ಸಾಸ್ ಮಾಡ್ತಾರ. ನಾವಾಗಿದ್ರ ಏನ್ ಮಾಡ್ತಿದ್ವಿ?’

‘ಕೇಸ್ ಗೀಸ್ ಆಗಂಗಿಲ್ಲ ಹೌದಿಲ್ಲೋ?’ ಎಂದು ಖಾತ್ರಿ ಮಾಡಿಕೊಂಡೇ ಅಕ್ಕ ಮುಂದುವರಿದಳು. ‘ಕೊಬ್ಬು ಎಷ್ಟೈತಿ?’

‘ಇಲ್ಲೇ ಇಲ್ಲವ್ವ.’

‘ಹಂಗಾರ ಎಣ್ಣಿ ಹಿಂದ ಮುಂದ ನೋಡಬ್ಯಾಡ. ಹುಳಿ ಜಾಸ್ತಿ ಇರ್ಲಿ.’

ಅವಳು ಜಿಂಕೆ ಖಂಡ ಕಣ್ಣಲ್ಲಿ ಕಂಡವಳಲ್ಲ. ಆದರೂ ಹೇಳಿದ್ದು ಸರಿಯಾಗಿಯೇ ಇತ್ತು. ಓಡಾಡಿ ಮೇಯುವ ಪ್ರಾಣಿಯ ಮೈಯಲ್ಲಿ ಕೊಬ್ಬು ಕಡಿಮೆ; ಬೆಂಕಿ ಹೆಚ್ಚಾದರೆ ಖಂಡ ಚಪ್ಪಲಿಯ ಅಟ್ಟೆಯಾಗುತ್ತದೆ. ಅದಕ್ಕೇ ಅಲ್ಲಿಯವರು ಒಳಗೆ ಗುಲಾಬಿ ಬಣ್ಣ ಉಳಿಯುವಂತೆ ಇಳಿಸಿ, ಸ್ವಲ್ಪ ಹೊತ್ತು ಹಾಗೇ ಬಿಟ್ಟು, ತೆಳ್ಳಗೆ ಕೊಯ್ದು, ಹುಳಿ-ಸಿಹಿ ಸಾಸಿನ ಜೊತೆ ಬಡಿಸುತ್ತಾರೆ. ಕಾಡುಖಂಡದ ಘಮಲನ್ನು ಹಿಡಿತದಲ್ಲಿಡಲು ಹುಳಿಯೇ ಬೇಕು. ಗುಡ್ಡದ ಕವಳಿಕಾಯಿ ಸಿಕ್ಕರೆ ಅದರ ಮುಂದೆ ಯಾವುದೂ ಇಲ್ಲವೆಂದು ಅಕ್ಕನ ತೀರ್ಪು. ಅಲ್ಲಿ ಅದು ಸಿಗದ್ದರಿಂದ ಹುಣಸೆಹಣ್ಣಿಗೆ ಬಂದಳು. ನೆನೆಸಿ ಕಿವುಚಿದ ಹುಣಸೆಹಣ್ಣು, ಹುರಿದ ಶೇಂಗಾ, ಕೆಂಡದಲ್ಲಿ ಬಾಡಿಸಿದ ಒಣಮೆಣಸಿನಕಾಯಿ, ಸಿಪ್ಪೆ ಸಮೇತ ಸುಟ್ಟ ಬೆಳ್ಳುಳ್ಳಿ, ಉಪ್ಪು. ತೀರಾ ನುಣ್ಣಗೆ ಬೇಡ.

ಸಂಜೆ ಫೋಟೊ ಬಂತು. ಕೊಯ್ದ ತುಂಡುಗಳ ನಡುವೆ ಕೆಂಪು ಕಂಡು ಅಕ್ಕ ಹೌಹಾರಿದಳು. ‘ಹಸೇದಲೋ ಅದು! ಇನ್ನೊಂದು ತಾಸು ಇಡು.’ ಅವನು ಆಗಲೇ ತಿಂದು ಮಲಗಿದ್ದ.

ಅವನಿಗೆ ಹೇಳುತ್ತ ಹೇಳುತ್ತ ನಮಗೂ ಬಾಯಲ್ಲಿ ನೀರೂರಿ, ಅಕ್ಕ ಅದೇ ಚಟ್ನಿಯನ್ನು ಕಲ್ಲಿನಲ್ಲಿ ಅರೆದಳು. ಸೋಮವಾರ, ಖಂಡದ ಮಾತಿಲ್ಲ. ಜೋಳದ ರೊಟ್ಟಿ, ಸುಟ್ಟ ಬದನೆಕಾಯಿ. ಬೆಲ್ಲ ಹಾಕಿಲ್ಲವಲ್ಲ ಎಂದು ಹರಪನಹಳ್ಳಿಯ ನನ್ನ ಹೆಂಡತಿ ಆಕ್ಷೇಪವೆತ್ತಿದಳು. ಬೆಲ್ಲ ಹಾಕಿದರೆ ಅದು ಚಟ್ನಿಯಲ್ಲ, ಪಾನಕ ಎಂದಳು ಅಕ್ಕ. ಅಳಿಯನಿಗೆ ಅಳತೆ ಬರೆದು ಕಳಿಸಬೇಕಿತ್ತು. ಇಬ್ಬರೂ ಬೇರೆ ಬೇರೆಯಾಗಿ ಕಳಿಸಿದರು.