ಲೆಫ್ಟ್ ಬ್ಯಾಕ್‌ಗ ಏನ್ ಕೊಡ್ತೀರಿ?

ಹೋದ ಪೋಸ್ಟಿಗೆ ಬಂದ ಕಾಮೆಂಟ್‌ನ್ಯಾಗ ಅರ್ಧಕ್ಕರ್ಧ ಮಂದಿದು ಒಂದೇ ಪ್ರಶ್ನೆ. "ಐಎಸ್‌ಎಲ್‌ದಾಗ ಗೋಲ್ಡನ್ ಬಾಲ್, ಗೋಲ್ಡನ್ ಬೂಟ್ ಅಂತಾರಲ್ಲ, ಎರಡಕ್ಕೂ ಏನ್ ಫರಕ್?" ಸರಿ, ಇವತ್ತು ಅದನ್ನೇ ಹಿಡ್ಕೊಂಡು ಕೂಡೋಣ. ಉದ್ದ ಅದ, ಎಲ್ಲಾ ಸ್ಲೈಡಿನ ಕೆಳಗೂ ಮುಂದುವರೀತದ. ಬಸ್ಸಿನ್ಯಾಗ ಕುಂತು ಓದ್ರಿ.

ಗೋಲ್ಡನ್ ಬೂಟ್ ಅಂದ್ರ ನಮ್ಮ ಕ್ಯಾಶ್ ಬುಕ್. ಸೀಸನ್‌ನಲ್ಲಿ ಯಾರು ಹೆಚ್ಚು ಗೋಲ್ ಹೊಡೆದರೋ ಅವರಿಗೆ. ಎಣಿಸಿದ್ರ ಮುಗೀತು. ಗೋಲ್ಡನ್ ಗ್ಲೌವ್ ಗೋಲ್‌ಕೀಪರ್‌ದು, ಅದೂ ಹೆಚ್ಚುಕಮ್ಮಿ ಎಣಿಕಿನೇ. ಗೋಲ್ಡನ್ ಬಾಲ್ ಮಾತ್ರ ಗುಡ್‌ವಿಲ್ ಇದ್ದಂಗ. ಕಣ್ಣಿಗೆ ಕಾಣಂಗಿಲ್ಲ, ಆದ್ರ ಬೆಲಿ ಕಟ್ಟಲೇಬೇಕು. ಇಡೀ ಲೀಗಿನ ಅತ್ಯುತ್ತಮ ಆಟಗಾರ ಯಾರು ಅಂತ ತೂಗಿ ನೋಡಿ ತೀರ್ಮಾನ ಮಾಡ್ತಾರ. ನಾಲ್ಕನೇದು ಎಮರ್ಜಿಂಗ್ ಪ್ಲೇಯರ್, ಬೆಳೆಯೋ ಹುಡುಗರಿಗೆ.

ಈಗ ಲೆಡ್ಜರ್ ತೆಗೆಯೋಣ. ಐಎಸ್‌ಎಲ್ ಶುರುವಾಗಿದ್ದು 2014ರಲ್ಲಿ. 2024-25ರ ಹೊತ್ತಿಗೆ 11 ಸೀಸನ್ ಆದವು. ಹನ್ನೊಂದರಲ್ಲಿ ಒಂದು ಸಲನೂ ಗೋಲ್ಡನ್ ಬೂಟ್ ಭಾರತೀಯನ ಕೈಗೆ ಬಂದಿಲ್ಲ. ಮೊದಲ ವರ್ಷ ಬ್ರೆಜಿಲ್‌ನ ಎಲಾನೊ 8 ಗೋಲಿಗೆ ಗೆದ್ದ. 2024-25ರಲ್ಲಿ ನಾರ್ತ್‌ಈಸ್ಟ್ ಯುನೈಟೆಡ್‌ನ ಮೊರಾಕ್ಕೊ ಆಟಗಾರ ಅಲಾದ್ದೀನ್ ಅಜಾರೈ 23 ಹೊಡೆದ, ಒಂದೇ ಸೀಸನ್‌ದಾಗ ಯಾರೂ ಅಷ್ಟು ಹೊಡೆದಿರಲಿಲ್ಲ. ಬೂಟ್ ಜೊತೆ ಬಾಲ್ ಕೂಡ ಅವನೇ ಒಯ್ದ. ಅದೇ ಸೀಸನ್‌ದಾಗ ನಮ್ಮ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ 40ರ ವಯಸ್ಸಿನಲ್ಲಿ 14 ಗೋಲ್ ಹೊಡೆದರು, ಅದರಲ್ಲಿ ಕೇರಳ ಬ್ಲಾಸ್ಟರ್ಸ್ ಮೇಲೆ ಒಂದು ಹ್ಯಾಟ್ರಿಕ್ ಬೇರೆ. ಭಾರತೀಯರಲ್ಲಿ ಅದೇ ಅತಿ ಹೆಚ್ಚು. ನಲವತ್ತರ ಮನುಷ್ಯನನ್ನ ದಾಟೋ ಇಪ್ಪತ್ತರ ಹುಡುಗ ಸಿಗಲಿಲ್ಲ ಅನ್ನೋದಕ್ಕ ಖುಷಿ ಪಡಬೇಕೋ ಅಳಬೇಕೋ, ನೀವೇ ಹೇಳ್ರಿ.

ಕಾರಣ ಗುಟ್ಟಿನದೇನಲ್ಲ. ವಿದೇಶಿ ಆಟಗಾರರನ್ನ ತರೋವಾಗ ಕ್ಲಬ್‌ಗಳು ಮೊದಲು ನೋಡೋದೇ ಸ್ಟ್ರೈಕರ್ ಜಾಗ. ನಮ್ಮ ಹುಡುಗರಿಗೆ ಉಳಿಯೋದು ಅಂಚು: ವಿಂಗ್, ಫುಲ್ ಬ್ಯಾಕ್, ಮತ್ತ ಗೋಲ್ ಪೆಟ್ಟಿಗೆ. ಗೋಲ್ಡನ್ ಗ್ಲೌವ್ ನೋಡ್ರಿ, 2017-18ರಿಂದ ಪ್ರತಿ ಸಲ ಭಾರತೀಯನೇ. ಸುಬ್ರತಾ ಪಾಲ್, ಎರಡು ಸಲ ನಮ್ಮ ಗುರ್‌ಪ್ರೀತ್ ಸಿಂಗ್ ಸಂಧು, ಆಮೇಲೆ ಎರಡು ಸಲ ವಿಶಾಲ್ ಕೈತ್. ನಿಲ್ಲಿಸಿದ ಜಾಗದಾಗ ನಮ್ಮವರು ಗೆಲ್ತಾರ, ನಿಲ್ಲಿಸದೇ ಇರೋ ಜಾಗದಾಗ ಹ್ಯಾಂಗ ಗೆಲ್ಲಬೇಕು?

ಗೋಲ್ಡನ್ ಬಾಲ್ ಕಡೆ ಇಬ್ಬರೇ ಭಾರತೀಯರು: 2017-18ರಲ್ಲಿ ಛೆಟ್ರಿ, 2022-23ರಲ್ಲಿ ಮುಂಬೈ ಸಿಟಿಯ ಲಾಲಿಯನ್‌ಜುವಾಲಾ ಛಾಂಗ್ಟೆ. ಇದು ಬಹಳ ಮಂದಿಗೆ ಗೊತ್ತು. ಗೊತ್ತಿರದ ಇನ್ನೊಂದು ಮಾತದ, ನನಗ ನಿಜವಾಗಿ ಚುಚ್ಚೋದು ಅದು. ಈ 11 ಹೆಸರಿನಲ್ಲಿ ಒಬ್ಬನೂ ಡಿಫೆಂಡರ್ ಇಲ್ಲ. ಒಬ್ಬನೂ!

ಇದು ನಮ್ಮ ದೇಶದ ರೋಗ ಅಷ್ಟೇ ಅಲ್ಲ. ಜಗತ್ತಿನ ದೊಡ್ಡ ಪ್ರಶಸ್ತಿ ಬ್ಯಾಲನ್ ಡಿಓರ್ ಕೊನೆಗೆ ಡಿಫೆಂಡರ್‌ಗೆ ಸಿಕ್ಕಿದ್ದು 2006ರಲ್ಲಿ, ಇಟಲಿಯ ಫಾಬಿಯೊ ಕನ್ನವಾರೊಗೆ. ಆಗ ನಮ್ಮ ಬ್ಯಾಚಿನವರು ಇನ್ನೂ ಜೋಳಿಗಿಯೊಳಗ. ಗೋಲ್‌ಕೀಪರ್‌ಗೆ ಸಿಕ್ಕಿದ್ದಂತೂ ಒಂದೇ ಸಲ, 1963ರಲ್ಲಿ ಸೋವಿಯತ್ ಒಕ್ಕೂಟದ ಲೆವ್ ಯಾಶಿನ್‌ಗೆ.

ಆದ್ರ ಎಮರ್ಜಿಂಗ್ ಪ್ಲೇಯರ್ ಪಟ್ಟಿ ತೆಗೆದ್ರ ಡಿಫೆಂಡರ್‌ಗಳು ಸಿಗ್ತಾರ. 2017-18ರಲ್ಲಿ ಲಾಲ್‌ರುವಾತ್ತಾರಾ, 2019-20ರಲ್ಲಿ ಸುಮಿತ್ ರಾಠಿ, 2021-22ರಲ್ಲಿ ನಮ್ಮ ಬೆಂಗಳೂರಿನ ರೋಷನ್ ಸಿಂಗ್. ಅಂದ್ರ ಅರ್ಥ ಏನು? ಡಿಫೆಂಡರ್ ಎಳೆಯವನಿದ್ದಾಗ "ಭೇಷ್ ಹುಡುಗ" ಅಂತ ಬೆನ್ನು ತಟ್ತಾರ. ಬೆಳೆದ ಮ್ಯಾಲ ಮರೀತಾರ.

2019ರ ಮಾರ್ಚ್ 17, ಮುಂಬೈನ ಫೈನಲ್ ನೆನಪದ ಏನ್ರಿ? ನಾನಾಗ ಹೈಸ್ಕೂಲ್ ಹುಡುಗ, ಕಮಲಾಪುರದ ಮನ್ಯಾಗ ಅಪ್ಪನ ಫೋನ್ ಹಿಡಿದು ಕುಂತಿದ್ದೆ. ನೆಟ್ ಬಂದ್ರ ಬಂತು, ಹೋದ್ರ ಹೋತು. ಗೋವಾ ವಿರುದ್ಧ 90 ನಿಮಿಷ ಆಗಿ, ಹೆಚ್ಚುವರಿ ಸಮಯನೂ ಮುಗೀಲಿಕ್ಕ ಬಂದಾಗ, 117ನೇ ನಿಮಿಷಕ್ಕ ಕಾರ್ನರ್‌ಗ ರಾಹುಲ್ ಭೇಕೆ ತಲಿ ಕೊಟ್ಟ. 1-0. ಬೆಂಗಳೂರಿಗೆ ಮೊದಲ ಐಎಸ್‌ಎಲ್ ಕಪ್. ಭೇಕೆ ಡಿಫೆಂಡರ್. ಆ ವರ್ಷದ ಬಾಲ್ ಮತ್ತ ಬೂಟ್ ಎರಡೂ ಸೋತ ಗೋವಾದ ಫೆರಾನ್ ಕೊರೊಮಿನಾಸ್‌ಗೆ ಹೋದವು. 16 ಗೋಲ್ ಹೊಡೆದಿದ್ದ, ತಪ್ಪೇನಿಲ್ಲ. ನಾ ಹೇಳೋದು ಬ್ಯಾರೆ.

ಅಕೌಂಟೆನ್ಸಿ ಕ್ಲಾಸಿನ್ಯಾಗ ನಮಗ ಕಲಿಸ್ಯಾರಲ್ಲ, ಆದ ವ್ಯವಹಾರಕ್ಕ ಮಾತ್ರ ಎಂಟ್ರಿ. ಆಗದೇ ಹೋದ ನಷ್ಟಕ್ಕ ಜರ್ನಲ್‌ದಾಗ ಸಾಲು ಇಲ್ಲ. ಗೋಲ್ ಆದ್ರ ಎಂಟ್ರಿ ಬೀಳ್ತದ. ಆಗಬೇಕಿದ್ದ ಗೋಲ್ ಒಬ್ಬ ಅಡ್ಡ ಬಿದ್ದು ತಪ್ಪಿಸಿದ್ರ ಎಲ್ಲಿ ಬರೀತೀರಿ? ಕಂಟಿಂಜೆಂಟ್ ಲಯಬಿಲಿಟಿನಾದ್ರೂ ಬ್ಯಾಲೆನ್ಸ್ ಶೀಟಿನ ಬುಡಕ್ಕ ಸಣ್ಣ ಅಕ್ಷರದಾಗ ಬರೀತಾರ. ಲೆಫ್ಟ್ ಬ್ಯಾಕ್‌ಗ ಅದೂ ಇಲ್ಲ.

ಇದನ್ನ ನಾ ಪುಸ್ತಕದಿಂದ ಹೇಳಕತ್ತಿಲ್ಲ. ಹೋದ ಬ್ಯಾಸಿಗ್ಯಾಗ ನಮ್ಮೂರಾಗ ಏಳು ಮಂದಿ ಆಟದ ಟೂರ್ನಮೆಂಟ್ ಇಟ್ಟಿದ್ರು. ಎಂಟು ಟೀಮು, ಬಿಸಲು ಏರೋದ್ರೊಳಗ ಮುಗೀಬೇಕಂತ ಬೆಳಿಗ್ಗೆ ಆರಕ್ಕ ಶುರು. ಬೆಸ್ಟ್ ಪ್ಲೇಯರ್‌ಗ ಒಂದು ಕಪ್ಪು, ₹1,001. "ನೀ ಬಿಕಾಂ ಅಲ್ಲೇನು, ಲೆಕ್ಕ ನೀನೇ ಬರಿ" ಅಂತ ಕಮಿಟಿ ಕಾಕಾ ನನ್ನ ಕೈಗೆ ಇನ್ನೂರು ಪೇಜಿನ ನೋಟ್‌ಬುಕ್ ಕೊಟ್ರು. ಗೋಲ್ ಅಷ್ಟೇ ಬರಿ ಅಂದಿದ್ರು. ನಾ ಇನ್ನೊಂದು ಕಾಲಮ್ ಎಳದೆ: "ಉಳಿಸಿದ್ದು".

ಆ ಕಾಲಮ್ ತುಂಬಿದಾಂವ ಒಬ್ಬನೇ. ನನ್ನ ದೋಸ್ತ, ಹೆಸರು ಹಾಕಬ್ಯಾಡ ಅಂದಾನ. ಅವರ ಮಾಮಾನ ಕೆಂಪು ಬಾಳಿ ತೋಟದಾಗ ಕೆಲಸ ಮಾಡ್ತಿದ್ದ. ಹೌದು, ಜಿಐ ಟ್ಯಾಗ್ ಇರೋ ಕಮಲಾಪುರದ ಅದೇ ಬಾಳೆಹಣ್ಣು. ಮುಂಜಾನೆ ಆಟ, ಆಮೇಲೆ ಗೊನಿ ಹೊರೋದು. ನಾಲ್ಕು ಪಂದ್ಯದಾಗ 31 ಸಲ ಎದುರಿನವರ ಕಾಲಿಂದ ಬಾಲ್ ಕಿತ್ತಿದ್ದ. ಎಡಗಡೆಯಿಂದ ಒಂದೂ ಗೋಲ್ ಆಗಿರಲಿಲ್ಲ. ಫೈನಲ್ ಮುಗಿದ ಮ್ಯಾಲ ನಾ ನೋಟ್‌ಬುಕ್ ಹಿಡ್ಕೊಂಡು ಹೋಗಿ ಕಾಕಾಗ ತೋರಿಸ್ದೆ. ಅವರು ಪೂರಾ ಓದಿದ್ರು, ಸುಳ್ಳು ಹೇಳಂಗಿಲ್ಲ. ಓದಿ, "ತಮ್ಮಾ, ನೀ ಬರೆದಿದ್ದು ಖರೇನೇ ಅದ. ಆದ್ರ ಗೋಲ್ ಹೊಡದಾಂವ ಮಂದಿ ಕಣ್ಣಿಗಿ ಕಂಡಾನ. ಕಪ್ ಕೊಟ್ಟಾಗ ಚಪ್ಪಾಳಿ ಬೀಳಬೇಕಿಲ್ಲೇನು?" ಅಂದ್ರು. ಏಳು ಗೋಲ್ ಹೊಡದಾಂವಗ ಕಪ್ ಹೋತು. ಚಪ್ಪಾಳಿನೂ ಜೋರೇ ಬಿತ್ತು.

"ಒಂದು ಕಪ್ಪಿಗೆ ಇಷ್ಟ್ಯಾಕ?" ಅಂತ ನೀವು ಕೇಳಬಹುದು. ಅವನ ಮನ್ಯಾಗ ಆಗ ಒಂದು ಮಾತು ನಡೆದಿತ್ತು. ಇನ್ನೊಂದು ವರ್ಷ ಕಲಬುರಗಿಗೆ ಓಡಾಡಿ ಪ್ರಾಕ್ಟೀಸ್ ಮಾಡ್ತೀನಿ ಅಂತ ಅವ, ಹೈದರಾಬಾದಿನ್ಯಾಗ ಗೋಡೌನ್ ಕೆಲಸ ತಯಾರದ ಹೋಗು ಅಂತ ಮಾಮಾ. ಅವರ ಅವ್ವ ನಡುವ. ಅವ್ವ ಒಂದು ಪಂದ್ಯನೂ ನೋಡಿದಾಕಿ ಅಲ್ಲ. ಅಕಿಗಿ ಮಗ ಹ್ಯಾಂಗ ಆಡ್ತಾನ ಅನ್ನೋದಕ್ಕ ಪುರಾವಿ ಬೇಕಿತ್ತು. ಆಡೋರಿಗೆ, ನೋಡೋರಿಗೆ ಪ್ರಶಸ್ತಿ ಬೇಕಾಗಂಗಿಲ್ರಿ, ಅವರಿಗೆ ಯಾರು ಏನಂತ ಗೊತ್ತೇ ಇರ್ತದ. ಬೇಕಾಗೋದು ನೋಡದೇ ಇರೋರಿಗೆ: ಮನಿ ಮಂದಿ, ಸ್ಪೋರ್ಟ್ಸ್ ಕೋಟಾ ಫಾರ್ಮ್ ತಿರುವೋ ಕ್ಲರ್ಕ್, ಟ್ರಯಲ್ಸ್‌ಗೆ ಕರೆಯೋ ಕೋಚ್. ಆಡಿಟರ್ ಸಹಿ ಇದ್ದಂಗ ಅದು. ಅವ ಜೂನ್‌ದಾಗ ಹೈದರಾಬಾದಿಗೆ ಹೋದ.

ಅದಾಗಿ ಒಂದೇ ತಿಂಗಳಿಗೆ, 2025ರ ಜುಲೈನಲ್ಲಿ, ಐಎಸ್‌ಎಲ್ಲೇ ನಿಂತುಹೋಯ್ತು. ಫುಟ್‌ಬಾಲ್ ಫೆಡರೇಷನ್‌ಗೂ ಲೀಗ್ ನಡೆಸೋ ಕಂಪನಿಗೂ 2010ರಲ್ಲಿ ಆಗಿದ್ದ 15 ವರ್ಷದ ಒಪ್ಪಂದ ಡಿಸೆಂಬರ್‌ಗೆ ಮುಗಿಯೋದಿತ್ತು, ಹೊಸದು ಆಗಿರಲಿಲ್ಲ. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಮೊದಲ ತಂಡದ ಸಂಬಳ ತಡೆಹಿಡೀತು. ಛೆಟ್ರಿ ಇರೋ ಟೀಮಿಗೇ ಹಿಂಗ. ಆ ಸುದ್ದಿ ನಾನು ದೋಸ್ತಗ ಕಳಿಸಿದ್ದೆ. "ಅಂದ್ರ ಗೋಡೌನ್‌ನಾಗ ಪಗಾರ ಟೈಮಿಗಿ ಬರ್ತದ, ಅಲ್ಲೇ ಪಾಡು ಅನ್ನು" ಅಂತ ವಾಯ್ಸ್ ಮೆಸೇಜ್ ಹಾಕಿ ನಕ್ಕ. ನನಗ ನಗು ಬರಲಿಲ್ಲ. ಕೊನೆಗೆ ಪಂದ್ಯಗಳನ್ನ ಕಡಿಮೆ ಮಾಡಿ 2026ರ ಫೆಬ್ರುವರಿಗೆ ಲೀಗ್ ಅಂತ ಘೋಷಣೆ ಆಯ್ತು. ಪಂದ್ಯ ಕಡಿಮೆ ಅಂದ್ರ ಅಜಾರೈನ 23 ಸದ್ಯಕ್ಕ ಸೇಫ್. ಗೋಲ್ಡನ್ ಬಾಲ್ ಡಿಫೆಂಡರ್‌ಗ ಕೊಡಾಕ ಮಾತ್ರ ಪಂದ್ಯದ ಲೆಕ್ಕ ಅಡ್ಡ ಬರಂಗಿಲ್ಲ, ನೋಡೋ ಕಣ್ಣು ಬೇಕು.

ಈಗ ಕೆಲಸದ ಮಾತು. ಈ ಬ್ಯಾಸಿಗ್ಯಾಗ ನಮ್ಮೂರ ಟೂರ್ನಮೆಂಟ್ ಮತ್ತ ಅದ. ಕಾಕಾನೇ ಫೋನ್ ಮಾಡಿ, "ಆ ನಿನ್ನ ಕಾಲಮ್‌ಗ ಈ ಸಲ ಒಂದು ಕಪ್ ಇಡೋಣು" ಅಂದಾರ. ಬೆಸ್ಟ್ ಡಿಫೆಂಡರ್, ₹501, ದುಡ್ಡು ಸ್ಟೇಷನರಿ ಅಂಗಡಿಯವರದು. ದೋಸ್ತ ರಜಾ ಕೇಳ್ಯಾನ, ಸಿಕ್ಕದೋ ಇಲ್ಲೋ ಇನ್ನಾ ಗೊತ್ತಿಲ್ಲ. ಆದ್ರ ಅವ ಆಡೋದಾದ್ರ ನಾನೊಬ್ಬನೇ ಲೆಕ್ಕ ಬರದ್ರ "ದೋಸ್ತಗ ಕೊಟ್ಟಾ" ಅಂತಾರ. ಅದಕ್ಕ ಅವನ ಪರಿಚಯ ಇಲ್ಲದ ಇಬ್ಬರು ಬೇಕು. ಆಫ್‌ಸೈಡ್ ಗೊತ್ತಿರದಿದ್ರೂ ನಡೀತದ, ಬಾಲ್ ಬಿಟ್ಟು ಮನುಷ್ಯಾನ ನೋಡೋ ತಾಳ್ಮಿ ಇರಬೇಕು. ಕಲಬುರಗಿ ಬಸ್ ಸ್ಟ್ಯಾಂಡಿನಿಂದ ನಸುಕಿನ್ಯಾಗ ಹುಮನಾಬಾದ್ ಕಡೆ ಹೋಗೋ ಬಸ್ ಹಿಡೀರಿ, ಹುಡುಗಿಯರಿಗಂತೂ ಟಿಕೆಟೇ ಇಲ್ಲ, ಶಕ್ತಿ ಅದ. ಸುಸಲಾ-ಮಿರ್ಚಿ ನಮ್ದು, ಪೆನ್ ನಿಮ್ದು. ಬರೋರು ಕೆಳಗ ಕಾಮೆಂಟ್‌ನ್ಯಾಗ "ಉಳಿಸಿದ್ದು" ಅಂತ ಹಾಕ್ರಿ, ಮೆಸೇಜ್ ಮಾಡ್ತೀನಿ.

#ಕಲಬುರಗಿ #ಕಮಲಾಪುರ #ಲೆಫ್ಟ್‌ಬ್ಯಾಕ್