ಹುದಿಕೇರಿಯ ಚಳಿಯಲ್ಲಿ ಕೆಮ್ಮಿದ ಕಾರು

ಇರ್ಪಿಗೆ ಹೋಗಬೇಕೆಂಬುದು ನಮ್ಮ ತಾಯಿಯವರ ಬಹುದಿನದ ಬಯಕೆ. ಬ್ರಹ್ಮಗಿರಿಯ ಅಡಿಯಲ್ಲಿ, ಲಕ್ಷ್ಮಣತೀರ್ಥದ ದಡದಲ್ಲಿ ರಾಮೇಶ್ವರನ ಗುಡಿ. ಅದರಾಚೆ ಕಾಡಿನೊಳಗೆ ಜಲಪಾತ. ಆ ದಾರಿಯಲ್ಲೇ ಇರುವ ಹುದಿಕೇರಿಯಲ್ಲಿ ನನ್ನ ಕಾಲೇಜು ದಿನಗಳ ಮಿತ್ರನ ಕಾಫಿ ತೋಟವಿದೆ. ಎರಡು ದಿನ ಅವನಲ್ಲಿ ತಂಗಿ, ಮೂರನೆಯ ದಿನ ಹಿಂದಿರುಗುವುದೆಂದು ನಿಶ್ಚಯಿಸಿ, ಜನವರಿಯ ಒಂದು ಮುಂಜಾನೆ ಮೈಸೂರಿನಿಂದ ಹೊರಟೆವು.

ವಾಹನ ನಮ್ಮ 1984ರ ಅಂಬಾಸಿಡರ್. ಉತ್ತರಪಾರಾದ ಕಾರ್ಖಾನೆ 2014ರಲ್ಲಿ ಈ ಕಾರಿನ ತಯಾರಿಕೆಯನ್ನೇ ನಿಲ್ಲಿಸಿತು. ನಾನು ಮಾತ್ರ ಓಡಿಸುವುದನ್ನು ನಿಲ್ಲಿಸಿಲ್ಲ. ಮನೆಯವರು ಇದನ್ನು ಹಟವೆನ್ನುತ್ತಾರೆ. ಇರಬಹುದು.

ಆದರೆ ಎರಡು ತಿಂಗಳಿಂದ ಅದರ ಎಂಜಿನ್ನಿನಲ್ಲಿ ಒಂದು ಸದ್ದು ಸೇರಿಕೊಂಡಿತ್ತು. ಬೆಳಗ್ಗೆ ಚಾಲೂ ಮಾಡಿದೊಡನೆ ಟಕ್, ಟಕ್, ಟಕ್ ಎಂದು ಬಡಿಯುವುದು; ಎರಡು ಮೈಲಿ ಓಡುವಷ್ಟರಲ್ಲಿ ಮಾಯವಾಗುವುದು. ಗ್ಯಾರೇಜಿಗೆ ಕೊಂಡೊಯ್ದಾಗಲೆಲ್ಲ ಸದ್ದೇ ಇಲ್ಲ! ವೈದ್ಯರ ಮನೆಯ ಮೆಟ್ಟಿಲು ಹತ್ತಿದೊಡನೆ ಹಲ್ಲುನೋವು ಅಡಗುತ್ತದಲ್ಲ, ಹಾಗೆ. ಗ್ಯಾರೇಜಿನವರು ನನ್ನ ವರ್ಣನೆಯನ್ನಷ್ಟೇ ಕೇಳಿ, “ಬೇರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು” ಎಂದು ತೀರ್ಪು ಕೊಟ್ಟರು. ಅವರು ಹೇಳಿದ ಮೊತ್ತವನ್ನು ಇಲ್ಲಿ ಬರೆಯಲು ಮನಸ್ಸಿಲ್ಲ. ಪ್ರಯಾಣ ಮುಗಿಯಲಿ, ನೋಡೋಣವೆಂದು ಮುಂದೂಡಿದ್ದೆ.

ಹುಣಸೂರು ದಾಟಿ, ಆನೆಚೌಕೂರಿನ ಕಾಡು ಹಾದು, ತಿತಿಮತಿ ಸೇರುವವರೆಗೂ ಚಳಿ ಬಿಡಲಿಲ್ಲ. ತಾಯಿಯವರಿಗೆ ಗಾಳಿ ಸೋಕಬಾರದೆಂದು ಗಾಜುಗಳನ್ನೆಲ್ಲ ಏರಿಸಿದ್ದೆವು. ಗೋಣಿಕೊಪ್ಪಲಿನ ಹೊತ್ತಿಗೆ ಅವರು ತಲೆನೋವೆಂದರು, ಹೊಟ್ಟೆ ತೊಳಸುತ್ತದೆಂದರು. ಎಪ್ಪತ್ತೆಂಟರ ವಯಸ್ಸು, ಬರಿಹೊಟ್ಟೆಯ ಪ್ರಯಾಣ. ನಾವು ಅದಕ್ಕೆ ಹೆಚ್ಚಿನ ಅರ್ಥ ಕೊಡಲಿಲ್ಲ. ಪೊನ್ನಂಪೇಟೆ ಕಳೆದು ಹುದಿಕೇರಿ ಮುಟ್ಟಿ, ತೋಟದ ಮನೆಯ ಜಗಲಿಯಲ್ಲಿ ಅರ್ಧ ಗಂಟೆ ಕುಳಿತ ಮೇಲೆ ಅವರು ಚೇತರಿಸಿಕೊಂಡರು.

ಹುದಿಕೇರಿ ದೊಡ್ಡ ಊರೇನಲ್ಲ. ಮೊದಲು ವಿರಾಜಪೇಟೆ ತಾಲ್ಲೂಕಿಗೆ ಸೇರಿದ್ದು, ಈಗ ಪೊನ್ನಂಪೇಟೆ ತಾಲ್ಲೂಕಿನಲ್ಲಿದೆ. ತಗ್ಗಿನಲ್ಲಿ ಭತ್ತದ ಗದ್ದೆ, ಏರಿನಲ್ಲಿ ಕಾಫಿ, ಕಾಫಿಯ ನೆರಳಿಗೆ ನಿಂತ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ಪುತ್ತರಿ ಕಳೆದು ಗದ್ದೆಗಳು ಬರಿದಾಗಿದ್ದವು. ಆದರೆ ತೋಟದ ಕಣದಲ್ಲಿ ಕಾಫಿ ಹಣ್ಣು ಒಣಗುತ್ತ, ಅದರ ಹುಳಿಮಿಶ್ರಿತ ಸಿಹಿವಾಸನೆ ಅಂಗಳವನ್ನೆಲ್ಲ ತುಂಬಿತ್ತು. ಸಂಜೆ ಬೆಲ್ಲದ ಕಾಪಿ ಕುಡಿಯುತ್ತ ಕಾರಿನ ಕಷ್ಟವನ್ನು ಹೇಳಿಕೊಂಡೆ. ಮಿತ್ರ ನಕ್ಕು, “ಮೇಸ್ತ್ರಿಯನ್ನು ಕರೆಸುತ್ತೇನೆ” ಎಂದ.

ಮೇಸ್ತ್ರಿ ಎಪ್ಪತ್ತರ ಅಂಚಿನ ವೃದ್ಧರು. ಯೌವನವನ್ನೆಲ್ಲ ತೋಟದ ಜೀಪುಗಳ ಹೊಟ್ಟೆಯಡಿಯಲ್ಲೇ ಕಳೆದವರು. ಕಾರನ್ನು ಮುಟ್ಟಲೇ ಇಲ್ಲ. “ಈಗ ಬಿಸಿ ಇದೆ ಸಾರ್, ಸುಳ್ಳು ಹೇಳುತ್ತೆ. ರಾತ್ರಿ ಬಯಲಲ್ಲೇ ನಿಲ್ಲಲಿ. ಬೆಳಗ್ಗೆ ನಾನು ಬರುವವರೆಗೂ ಯಾರೂ ಚಾಲೂ ಮಾಡಬೇಡಿ” ಎಂದು ಹೊರಟುಹೋದರು.

ಮರುದಿನ ಆರೂವರೆಗೆ ಮಂಜು ಗದ್ದೆಯಿಂದ ಮೇಲೆದ್ದು ಅಂಗಳದವರೆಗೆ ಬಂದಿತ್ತು. ಜಗಲಿಯ ಉಷ್ಣಮಾಪಕ ಹನ್ನೆರಡು ಡಿಗ್ರಿ ತೋರಿಸುತ್ತಿತ್ತು. ಮೇಸ್ತ್ರಿ ತಲೆಗೆ ಮಫ್ಲರ್ ಸುತ್ತಿಕೊಂಡು ಬಂದು, ಮೊದಲು ಆಯಿಲ್ ಕಡ್ಡಿಯನ್ನೆಳೆದು, ಎಣ್ಣೆಯನ್ನು ಎರಡು ಬೆರಳುಗಳ ನಡುವೆ ತಿಕ್ಕಿ ನೋಡಿದರು. ಲೋಹದ ಪುಡಿ ಕೈಗೆ ಹತ್ತಲಿಲ್ಲ. “ಹೂಂ, ಚಾಲೂ ಮಾಡಿ.”

ಚೋಕ್ ಎಳೆದು ಚಾಲೂ ಮಾಡಿದೆ. ಮೊದಲು ಕೀಚಲು ಧ್ವನಿಯೊಂದು ಎದ್ದಿತು. ಅವರು ಎಂಜಿನ್ ನಿಲ್ಲಿಸಲು ಹೇಳಿ, ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಅದುಮಿದರು. ಅರ್ಧ ಅಂಗುಲ ಬಗ್ಗಬೇಕಾದುದು ಒಂದಂಗುಲಕ್ಕೂ ಮೀರಿ ಬಗ್ಗಿತು. ಇಬ್ಬನಿಗೆ ತೇವಗೊಂಡ ಸಡಿಲ ಬೆಲ್ಟು ಜಾರಿ ಅರಚುತ್ತದೆಯಂತೆ. ಬಿಗಿದುಬಿಟ್ಟರು, ಆ ಧ್ವನಿ ಅಲ್ಲಿಗೆ ಮುಗಿಯಿತು. ಉಳಿದದ್ದು ನಮ್ಮ ಟಕ್ ಟಕ್.

ಆಮೇಲೆ ನಡೆದದ್ದನ್ನು ನಾನು ಮರೆಯಲಾರೆ. ಉದ್ದನೆಯ ಸ್ಕ್ರೂ ಡ್ರೈವರಿನ ಹಿಡಿಯನ್ನು ಕಿವಿಗೊತ್ತಿ, ತುದಿಯನ್ನು ಎಂಜಿನ್ನಿನ ಒಂದೊಂದು ಭಾಗಕ್ಕೂ ತಾಗಿಸುತ್ತ ಬಂದರು. ಮೇಲಿನ ಮುಚ್ಚಳದ ಮೇಲಿಟ್ಟು, “ಇದು ಟ್ಯಾಪೆಟ್, ಹೊಲಿಗೆ ಯಂತ್ರದ ಹಾಗೆ ಹಗುರ. ಇದಲ್ಲ.” ಕೆಳಗೆ ಎಣ್ಣೆತೊಟ್ಟಿಯ ಮೇಲಿಟ್ಟು, “ಬೇರಿಂಗ್ ಆದರೆ ಇಲ್ಲಿ ಸುತ್ತಿಗೆ ಹೊಡೆದ ಹಾಗೆ ಕೇಳಬೇಕು. ಇಲ್ಲಿ ಏನೂ ಇಲ್ಲ.” ನನಗೂ ಕೇಳಿಸಿದರು. ಬಳಿಕ ಬಟ್ಟೆ ಸುತ್ತಿದ ಇಕ್ಕುಳದಿಂದ ಪ್ಲಗ್ಗಿನ ವಯರುಗಳನ್ನು ಒಂದೊಂದಾಗಿ ಕಿತ್ತು ಸಿಕ್ಕಿಸಿದರು. ಮೂರನೆಯದನ್ನು ಕಿತ್ತೊಡನೆ ಸದ್ದು ತಟ್ಟನೆ ತಗ್ಗಿತು. (ಈಗಿನ ಎಲೆಕ್ಟ್ರಾನಿಕ್ ಕಾರುಗಳಲ್ಲಿ ಓದುಗರು ಈ ಸಾಹಸಕ್ಕೆ ಕೈಹಾಕಬಾರದು, ಯಂತ್ರಕ್ಕೂ ಕೈಗೂ ಅಪಾಯ.)

ಮೂರನೆಯ ಸಿಲಿಂಡರೆಂಬುದು ತಿಳಿಯಿತು. ಆದರೆ ಬೇರಿಂಗ್ ಅಲ್ಲವೆಂದರೆ ಮತ್ತೇನು? ಪಿಸ್ಟನ್ ಎಂದು ನಾನು ಊಹಿಸಿದೆ. ಅಲ್ಯೂಮಿನಿಯಮ್ ಬಿಸಿಗೆ ಎರಕದ ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ ಹಿಗ್ಗುತ್ತದೆ. ಆದುದರಿಂದ ಸವೆದ ಪಿಸ್ಟನ್ ತಣ್ಣಗಿರುವಾಗ ಗೋಡೆಗೆ ಬಡಿದು, ಬಿಸಿಯಾದಾಗ ಸುಮ್ಮನಾಗುವುದುಂಟು. ಮೇಸ್ತ್ರಿ ಉತ್ತರಿಸದೆ, ಒದ್ದೆ ಗೋಣಿಯನ್ನು ಮಡಿಸಿ ನನ್ನ ಮಿತ್ರನ ಕೈಗಿತ್ತು, ಸೈಲೆನ್ಸರ್ ಕೊಳವೆಯ ಬಾಯಿಗೆ ಒಂದು ಕ್ಷಣ ಒತ್ತಲು ಹೇಳಿದರು. ಒತ್ತಿದೊಡನೆ ಟಕ್ ಟಕ್ ಇಮ್ಮಡಿಯಾಗಿ, ಬುಸ್ಸೆಂದು ಹಾವಿನಂತೆ ಊದಿತು! ಹೊಗೆ ಹೊರಹೋಗುವ ಎರಕದ ಕೊಳವೆ ಎಂಜಿನ್ನಿಗೆ ಕೂಡುವ ಕಡೆ, ಮೂರನೆಯ ಸಿಲಿಂಡರಿನ ಬಳಿ, ಕಾಡಿಗೆಯ ಗೀಟೊಂದು ಎಳೆದಿತ್ತು. ಅಲ್ಲಿನ ಗ್ಯಾಸ್ಕೆಟ್ ಸುಟ್ಟುಹೋಗಿತ್ತು. ಕಬ್ಬಿಣ ಬಿಸಿಯಾಗಿ ಹಿಗ್ಗಿದಾಗ ಸಂದು ಬಹುಪಾಲು ಮುಚ್ಚಿ ಸದ್ದು ಅಡಗುತ್ತಿತ್ತು. ಬೇರಿಂಗಿನ ಬಡಿತವಾಗಿದ್ದರೆ, ಎಣ್ಣೆ ಬಿಸಿಯಾಗಿ ತೆಳುವಾದಂತೆ ಹೆಚ್ಚಬೇಕಿತ್ತು, ತಗ್ಗಬಾರದಿತ್ತು.

ಎಂಜಿನ್ ಇಳಿಸಬೇಕಿಲ್ಲವೆಂದು ನಾನು ಹಿಗ್ಗುತ್ತಿರುವಾಗ ಅವರು ಬಾನೆಟ್ಟಿನೊಳಗೆ ಇನ್ನೂ ಇಣುಕುತ್ತಿದ್ದರು. ವಯರುಗಳು ಕಾರಿನೊಳಕ್ಕೆ ನುಸುಳುವ ತೂತಿನ ರಬ್ಬರು ಒಡೆದು ಉದುರಿತ್ತು. ಬೆರಳು ತೂರಿಸಿದರೆ ಒಳಗೆ ಕಾಣುತ್ತಿತ್ತು. ತಲೆಯೆತ್ತಿ ಕೇಳಿದರು: “ಸಾರ್, ಬರುವಾಗ ಯಾರಿಗಾದರೂ ತಲೆನೋವು ಬಂತಾ?”

ನಾನು ಜಗಲಿಯತ್ತ ನೋಡಿದೆ. ತಾಯಿಯವರು ಶಾಲು ಹೊದ್ದು ಬಿಸಿಲು ಕಾಯುತ್ತಿದ್ದರು.

ಹಳೆಯ ಪೆಟ್ರೋಲ್ ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಧಾರಾಳವಾಗಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನೇ ಆಕ್ರಮಿಸುತ್ತದೆ. ಮೊದಲು ತಲೆನೋವು, ವಾಕರಿಕೆ, ಮುಂದೆ ತೂಕಡಿಕೆ. ಗಾಜು ಏರಿಸಿದ ಕಾರಿನಲ್ಲಿ ತೂಕಡಿಸುವ ಮುದುಕರನ್ನು ಯಾರು ತಾನೇ ಎಬ್ಬಿಸುತ್ತಾರೆ? ತಾಯಿಯವರ ತಲೆನೋವಿಗೆ ಅದೇ ಕಾರಣವೆಂದು ನಾನು ಪ್ರಮಾಣ ಮಾಡಲಾರೆ. ಆದರೆ ಆ ಬೆಳಗ್ಗೆ ನನ್ನ ಕೈ ನಡುಗಿದ್ದು ಹುದಿಕೇರಿಯ ಚಳಿಗಲ್ಲ.

ಗೋಣಿಕೊಪ್ಪಲಿನಿಂದ ಗ್ಯಾಸ್ಕೆಟ್ ಬಂತು. ಎಂಜಿನ್ ತಣಿದ ಮೇಲೆ ಮೇಸ್ತ್ರಿ ಅದನ್ನು ಕೂರಿಸಿ, ನಟ್ಟುಗಳನ್ನು ನಡುವಿನಿಂದ ಹೊರಗಡೆಗೆ ಸ್ವಲ್ಪಸ್ವಲ್ಪವಾಗಿ ಬಿಗಿದರು. ಒಳಗಿನ ತೂತಿಗೆ ಹೊಸ ರಬ್ಬರು ಸಿಗುವವರೆಗೆ ಸೈಕಲ್ ಟ್ಯೂಬಿನ ತುಂಡನ್ನು ಗಿಡಿದರು. ಇರ್ಪಿಗೆ ಅಂದು ಮಿತ್ರನ ಜೀಪಿನಲ್ಲಿ ಹೋಗಿಬಂದೆವು. ತಾಯಿಯವರು ಜಲಪಾತದವರೆಗೆ ಹತ್ತಲಾರದೆ, ಗುಡಿಯ ಬಳಿಯ ನೀರಿನಲ್ಲೇ ಕಾಲಿಟ್ಟು ತೃಪ್ತರಾದರು.

ಹೊರಡುವ ಬೆಳಗ್ಗೆ ಮೇಸ್ತ್ರಿ ಮತ್ತೆ ಬಂದಿದ್ದರು. ತಣ್ಣಗಿನ ಎಂಜಿನ್ ಚಾಲೂ ಮಾಡಿದರೆ ಕೇಳಿದ್ದು ಹೊಲಿಗೆ ಯಂತ್ರದ ಸದ್ದು ಮಾತ್ರ. ಅದನ್ನೂ ನಿಲ್ಲಿಸಬಹುದೇ ಎಂದು ಕೇಳಿದೆ. “ಟ್ಯಾಪೆಟ್ ಸ್ವಲ್ಪ ಮಾತಾಡಲಿ ಸಾರ್. ಅದನ್ನು ತೀರಾ ಬಿಗಿದು ಬಾಯಿ ಮುಚ್ಚಿಸಿದರೆ ವಾಲ್ವ್ ಸುಡುತ್ತೆ” ಎಂದು, ತಾಯಿಯವರ ಕಡೆಯ ಗಾಜನ್ನು ತಾವೇ ಎರಡು ಬೆರಳಗಲ ಇಳಿಸಿದರು. “ಅಮ್ಮ, ಮೈಸೂರಿನವರೆಗೂ ಇದು ಹೀಗೇ ಇರಲಿ. ಕಿವಿಗೆ ಶಾಲು ಕಟ್ಟಿಕೊಳ್ಳಿ.”

ತಾಯಿಯವರು ಕಟ್ಟಿಕೊಂಡರು. ತಿತಿಮತಿಯ ಕಾಡಿನ ಚಳಿಗಾಳಿ ಆ ಸಂದಿನಿಂದ ಒಳನುಗ್ಗುತ್ತಿದ್ದರೂ, ಹುಣಸೂರಿನವರೆಗೆ ಅವರು ನನ್ನ ಸೋದರಮಾವನ ಮದುವೆಯ ಕಥೆಯನ್ನು ಬಿಡದೆ ಹೇಳುತ್ತ ಬಂದರು.